ಇವತ್ತಿಂದು ಲೆಕ್ಕಕ್ಕಿಲ್ಲ

ಮಾರ್ಚ್ 3

ಮಕ್ಕಳ ವಸತಿ ಮನೆಯ ಮೇಲ್ವಿಚಾರಕಿಯವರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಮನೆಯಲ್ಲಿ ಎರಡು ದಿನ ಕಳೆದೆ. ತೋರಿಸಿದ ಆದರಕ್ಕೆ ವಂದನೆಗಳು. ನಿಮ್ಮ ಪರವಾನಗಿ ಮುಂದುವರಿಯಬೇಕೋ ಬೇಡವೋ ಎಂಬುದು ಏಪ್ರಿಲ್ ಹದಿನೈದರ ಸಮಿತಿಯಲ್ಲಿ ತೀರ್ಮಾನವಾಗುತ್ತದೆ. ಅದಕ್ಕೂ ಮೊದಲು ನನ್ನ ಕರಡು ವರದಿಯ ಸಾರವನ್ನು ನಿಮಗೆ ತಿಳಿಸುವುದು ನಿಯಮ. ಅದಕ್ಕೆ ಉತ್ತರ ಬರೆಯುವುದು ನಿಮ್ಮ ಹಕ್ಕು.

ಕಟ್ಟಡ ಹಳೆಯದಾದರೂ ಶುಚಿಯಾಗಿದೆ. ಅಡುಗೆಮನೆ, ಔಷಧಿಯ ಬೀರು, ನೀರಿನ ತೊಟ್ಟಿ ಯಾವುದರಲ್ಲೂ ತಪ್ಪು ಕಾಣಲಿಲ್ಲ. ಮಕ್ಕಳ ತೂಕ, ಎತ್ತರ, ಶಾಲೆಯ ಹಾಜರಿ ಎಲ್ಲ ಸರಿಯಾಗಿವೆ. ಮೇಲಿನ ಬಚ್ಚಲುಮನೆಗೆ ಒಂದು ಚಿಲಕ ಹಾಕಿಸಿ.

ನನ್ನ ಆತಂಕ ಬೇರೆಯದು. ಹದಿನೆಂಟು ಮಕ್ಕಳಿರುವ ಮನೆಯಲ್ಲಿ ಎರಡು ದಿನವೂ ಒಂದು ಜಗಳ ನನ್ನ ಕಿವಿಗೆ ಬೀಳಲಿಲ್ಲ. ಯಾರೂ ಓಡಲಿಲ್ಲ, ಯಾರೂ ಅಳಲಿಲ್ಲ, ನೀವು ಯಾರು ಎಂದು ಯಾರೂ ನನ್ನನ್ನು ಕೇಳಲಿಲ್ಲ. ಊಟಕ್ಕೆ ಬೇಯಿಸಿದ ಎಲೆಕೋಸು ಬಡಿಸಿದಾಗ ಹದಿನೆಂಟು ಮಕ್ಕಳೂ ತುಟಿಪಿಟಕ್ಕೆನ್ನದೆ ತಿಂದು, ತಟ್ಟೆ ತೊಳೆದಿಟ್ಟು, ಸಾಲಾಗಿ ಹೊರಗೆ ಹೋದರು. ಇದನ್ನು ಒಳ್ಳೆಯ ಲಕ್ಷಣವೆಂದು ನಾನು ತಿಳಿಯಲಾರೆ. ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದೆ. ಎಲ್ಲರದ್ದೂ ಒಂದೇ ಉತ್ತರ: "ಊಟ ಚೆನ್ನಾಗಿದೆ, ನಿದ್ದೆ ಚೆನ್ನಾಗಿ ಬರುತ್ತೆ, ದೊಡ್ಡಮ್ಮ ಒಳ್ಳೆಯವರು."

ಈ ಮಕ್ಕಳು ಹೆದರಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಯಾರಿಗೆ ಹೆದರಿದ್ದಾರೆ ಎಂದು ನಾನು ಬರೆದಿಲ್ಲ. ಮಕ್ಕಳು ನಿಮ್ಮನ್ನು ದೊಡ್ಡಮ್ಮ ಎಂದು ಕರೆಯುತ್ತಾರೆಂಬುದು ಮಾತ್ರ ವರದಿಯಲ್ಲಿದೆ.

ಪರವಾನಗಿ ಮುಂದುವರಿಯದಿದ್ದರೆ ಮಕ್ಕಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ ಮೂರು ದೊಡ್ಡ ವಸತಿಗೃಹಗಳಿಗೆ ಕಳಿಸಲಾಗುತ್ತದೆ. ಇದು ನಿಮಗೆ ತಿಳಿದಿರಲಿ.

ಇಂತಿ,
ತಪಾಸಣಾ ಅಧಿಕಾರಿ


ಮಾರ್ಚ್ 7

ತಪಾಸಣಾ ಅಧಿಕಾರಿಯವರಿಗೆ,

ನಿಮ್ಮ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. ನಿಂತ ಕಾಲಲ್ಲೇ ಉತ್ತರ ಬರೆದೆ. ಅದನ್ನು ನಮ್ಮ ಅಡುಗೆಯವಳು ಓದಿ, "ಇದನ್ನ ಕಳಿಸಿದ್ರೆ ಏಪ್ರಿಲ್ ತನಕ ಕಾಯೋದೇ ಬೇಡ, ನಾಳೆನೇ ಬಂದು ಬೀಗ ಜಡೀತಾರೆ" ಎಂದು ಒಲೆಗೆ ಹಿಡಿದಳು. ಇದು ಎರಡನೆಯದು. ಇದರಲ್ಲಿ ಬೈಗುಳ ಕಡಿಮೆ.

ಅಲ್ಲ, ನನಗೊಂದು ಅರ್ಥವಾಗುವುದಿಲ್ಲ. ಮಕ್ಕಳು ಗಲಾಟೆ ಮಾಡಿದರೆ ಶಿಸ್ತಿಲ್ಲ ಎನ್ನುತ್ತೀರಿ, ಸುಮ್ಮನೆ ಕೂತರೆ ಹೆದರಿದ್ದಾರೆ ಎನ್ನುತ್ತೀರಿ. ನಾವು ಯಾವ ಕಡೆ ತಿರುಗಿ ನಿಂತರೆ ನಿಮಗೆ ಸಮಾಧಾನ? ನಿಮಗಿಂತ ಮುಂಚೆ ಬಂದಿದ್ದ ಅಧಿಕಾರಿ ಅರ್ಧ ಗಂಟೆ ಕೂತು, ನನ್ನ ಹತ್ತಿರ ತಲೆನೋವಿನ ಮಾತ್ರೆ ಇಸಿದುಕೊಂಡು ಹೋದರು. 'ಮಕ್ಕಳಿಗೆ ಲಂಗುಲಗಾಮಿಲ್ಲ' ಎಂದು ಬರೆದರು. ಆ ಮಾತಿಗೆ ಆಗ ಎರಡು ದಿನ ಊಟ ಬಿಟ್ಟಿದ್ದೆ. ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದರೆ ಈಗ ನಿಮಗೆ ತೋರಿಸಬಹುದಿತ್ತು.

ನಾನು ಬೈಯುತ್ತೇನೆ, ಹೌದು. ನನ್ನ ಗಂಟಲು ಬೀದಿಯ ಕೊನೆಯ ಸೈಕಲ್ ಅಂಗಡಿಯವನಿಗೂ ಕೇಳಿಸುತ್ತದೆ. ಆದರೆ ಇಷ್ಟು ವರ್ಷಗಳಲ್ಲಿ ಒಂದು ಮಗುವಿನ ಮೇಲೂ ಕೈ ಎತ್ತಿದವಳಲ್ಲ. ನನ್ನ ಮಕ್ಕಳು ನನಗೆ ಹೆದರುತ್ತಾರೆ ಎಂದು ನೀವು ಬಾಯಿಬಿಟ್ಟು ಹೇಳದೆಯೇ ಹೇಳಿದ್ದೀರಿ. ಅದರಿಂದ ತುಂಬಾ ನೋವಾಯಿತು.

ಇನ್ನೊಂದು ಮಾತು. ನಮ್ಮಲ್ಲಿ ಎಂಟು ವರ್ಷದ ಒಬ್ಬ ಹುಡುಗನಿದ್ದಾನೆ, ನಿದ್ದೆಯಲ್ಲೂ ಬಾಯಿ ಮುಚ್ಚುವುದಿಲ್ಲವೆಂದು ಅವನಿಗೆ ರೇಡಿಯೊ ಎಂದೇ ಹೆಸರು. ಅವನ ತಂಗಿಗೆ ನಾಲ್ಕು ವರ್ಷ. ವಯಸ್ಸಿನ ಪ್ರಕಾರ ವಿಂಗಡಿಸಿದರೆ ಅವನು ಒಂದು ಊರಿಗೆ, ಅವಳು ಒಂದು ಊರಿಗೆ. ಬೆಳಿಗ್ಗೆ ಅವಳ ಶೂ ದಾರ ಕಟ್ಟುವವನು ಅವನೇ. ಇದಕ್ಕೆ ನಿಮ್ಮ ವರದಿಯಲ್ಲಿ ಎಲ್ಲಾದರೂ ಜಾಗ ಇದೆಯೇ?

ಚಿಲಕ ಹಾಕಿಸಿದ್ದೇನೆ.

ಮೇಲ್ವಿಚಾರಕಿ


ಮಾರ್ಚ್ 14

ಮಾನ್ಯರೇ,

ಪತ್ರ ತಲುಪಿತು. ಮೊದಲನೆಯದನ್ನು ಸುಟ್ಟ ಅಡುಗೆಯವರಿಗೆ ನನ್ನ ಕೃತಜ್ಞತೆ ತಿಳಿಸಿ.

ನೀವು ಬರೆದ ಆ ರೇಡಿಯೊ ಎಂಬ ಹುಡುಗನನ್ನು ನಾನೂ ಮಾತಾಡಿಸಿದ್ದೆ. ಕೈಕಟ್ಟಿ ನಿಂತು, ಗೋಡೆ ನೋಡುತ್ತ, ಎಲ್ಲರೂ ಹೇಳಿದ್ದನ್ನೇ ಹೇಳಿದ. ಮತ್ತೇನಾದರೂ ಹೇಳುವುದಿದೆಯೇ ಎಂದರೆ ಇಲ್ಲವೆಂದು ತಲೆಯಾಡಿಸಿದ. ನೀವು ಹೇಳುವ ಹುಡುಗನಿಗೂ ನಾನು ಕಂಡ ಹುಡುಗನಿಗೂ ತಾಳೆಯೇ ಆಗುತ್ತಿಲ್ಲ.

ಆದ್ದರಿಂದ ಸುತ್ತಿ ಬಳಸದೆ ಕೇಳುತ್ತೇನೆ. ಹೀಗೆ ಹೀಗೆ ಇರಬೇಕೆಂದು ಮಕ್ಕಳಿಗೆ ನೀವು ಹೇಳಿಕೊಟ್ಟಿದ್ದಿರಾ? ಹೌದಾದರೆ ಹೇಳಿಬಿಡಿ, ಬಹಳ ಮನೆಗಳಲ್ಲಿ ಹೇಳಿಕೊಡುತ್ತಾರೆ, ನನಗೆ ಅದು ಹೊಸತಲ್ಲ. ಇಲ್ಲವಾದರೆ, ಆ ಎರಡು ದಿನ ನಿಮಗೇ ಆಶ್ಚರ್ಯವಾಗಲಿಲ್ಲವೇ? ಹಾಗೆ ಆಗಿದ್ದರೆ ನಿಮ್ಮ ಪತ್ರದಲ್ಲಿ ಅದರ ಸುಳಿವೇ ಇಲ್ಲ.

ಇಂತಿ,
ತಪಾಸಣಾ ಅಧಿಕಾರಿ


ಮಾರ್ಚ್ 20

ಅಧಿಕಾರಿಯವರಿಗೆ,

ಆಶ್ಚರ್ಯ ಆಗಿತ್ತು. ಆಗಿತ್ತು ಎಂದು ಬರೆಯಲು ಮಾನ ಅಡ್ಡ ಬಂದಿತ್ತು, ಅಷ್ಟೆ. ಆ ಎರಡು ದಿನ ಮಕ್ಕಳಿಗೆ ಜ್ವರಗಿರ ಬಂದಿದೆಯೋ ಏನೋ ಎಂದು ಹಣೆ ಮುಟ್ಟಿ ನೋಡಿದ್ದೆ. ಎಲೆಕೋಸಿನ ಪಾತ್ರೆ ಖಾಲಿಯಾದದ್ದನ್ನು ಕಂಡು ಅಡುಗೆಯವಳಂತೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನೀವು ದೊಡ್ಡ ಅಧಿಕಾರಿ ಎಂದು ಮಕ್ಕಳು ಬೆರಗಾಗಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಿಮ್ಮ ಕಾಗದ ಬಂದ ಸಂಜೆ ಎಲ್ಲರನ್ನೂ ತಾರಸಿಯ ಮೇಲೆ ಕೂರಿಸಿ ಕೇಳಿದೆ.

"ಆವತ್ತು ಅದೇನ್ರೋ ಹಾಗೆ ಬೊಂಬೆಗಳ ಥರ ಕೂತಿದ್ರಿ?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೇಡಿಯೊ ಎದ್ದು ನಿಂತು, "ಹೇಳ್ಬಾರ್ದು ಅಂತ ಎಲ್ಲರೂ ಆಣೆ ಇಟ್ಕೊಂಡಿದೀವಿ" ಎಂದ. ಅಲ್ಲಿಗೆ ಗುಟ್ಟು ರಟ್ಟಾಯಿತು.

ನಮ್ಮಲ್ಲಿ ಎಲ್ಲರಿಗಿಂತ ದೊಡ್ಡವಳು ಹದಿನಾಲ್ಕು ವರ್ಷದ ಹುಡುಗಿ. ನನ್ನ ಒಂದು ಮಾತಿಗೆ ಮೂರು ಎದುರು ಮಾತು ಆಡುವುದರಿಂದ ಅವಳು ವಕೀಲೆ. ವಕೀಲೆ ಎದ್ದು, "ನಾವೇ ಪ್ರಾಕ್ಟೀಸ್ ಮಾಡಿದ್ದು ದೊಡ್ಡಮ್ಮ. ಬಟ್ಟೆ ಒಣಗಿಸೋಕೆ ಮೇಲೆ ಬಂದಾಗೆಲ್ಲ. ನಿನಗೆ ಹೇಳಿದ್ರೆ ನೀನು ಬೇಡ ಅಂತಿದ್ದೆ" ಎಂದಳು.

ಕೇಳಿ. ಗುಂಡ ಎಂಬ ಹುಡುಗ ತಂತಿ ಬಗ್ಗಿಸಿ ಕನ್ನಡಕ ಮಾಡಿಕೊಂಡು ಅಧಿಕಾರಿ ಆಗುತ್ತಿದ್ದನಂತೆ. ಮಿಕ್ಕವರು ಸಾಲಾಗಿ ನಿಂತು ಉತ್ತರ ಒಪ್ಪಿಸಬೇಕಿತ್ತು. ನಕ್ಕವರು ಹೊರಗೆ. ಎಲೆಕೋಸಿನ ಬದಲು ಹಳೆಯ ಪತ್ರಿಕೆಯ ಚೂರು ಅಗಿದು, ಮುಖ ಸೊಟ್ಟಗೆ ಮಾಡದೆ ಇರುವುದನ್ನೂ ಅಭ್ಯಾಸ ಮಾಡಿದರಂತೆ! ನೀವು ನಿಜವಾಗಿಯೂ ಕನ್ನಡಕ ಹಾಕಿಕೊಂಡು ಬಂದಾಗ ಗುಂಡ ಹಿಗ್ಗಿ ಹೀರೇಕಾಯಿ ಆಗಿದ್ದ. ಅಂದಿನಿಂದ ನಿಮಗೆ ಕನ್ನಡಕದಮ್ಮ ಎಂದು ಹೆಸರಾಗಿದೆ. ಬೇಜಾರು ಮಾಡಿಕೊಳ್ಳಬೇಡಿ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ, ಇದನ್ನೆಲ್ಲ ನಿಮಗೆ ಹೇಳಿಕೊಟ್ಟವರು ಯಾರು ಎಂದು ಕೇಳಿದೆ. ಎಲ್ಲರೂ ಮೊಲದ ಕಡೆ ನೋಡಿದರು.

ಮೊಲ ಎಂದರೆ ಒಂಬತ್ತು ವರ್ಷದ ಹುಡುಗಿ. ಕಳೆದ ಬೇಸಿಗೆಯಲ್ಲಿ ಬಂದಳು. ಇದು ಅವಳಿಗೆ ಮೂರನೆಯ ಮನೆ. ಮಾತು ಬಹಳ ಕಡಿಮೆ, ಹೇಳಿದ ಕೆಲಸಕ್ಕೆ ಇಲ್ಲ ಎಂದವಳಲ್ಲ. ಹತ್ತಿರ ಕರೆದು ಕೂರಿಸಿಕೊಂಡೆ. ನೆಲ ನೋಡುತ್ತ ಹೇಳಿದಳು: "ಆ ಮನೇಲಿ ಬರ್ಕೊಳ್ಳೋರು ಬಂದಾಗ ಇಬ್ರು ಹುಡುಗ್ರು ಜಗಳ ಆಡಿದ್ರು. ಆಮೇಲೆ ಮನೆ ಮುಚ್ಚಿಬಿಟ್ರು. ಎಲ್ರೂ ಬೇರೆ ಬೇರೆ ಬಸ್ ಹತ್ತಿದ್ವಿ. ಇಲ್ಲಿ ಹಂಗೆ ಆಗ್ಬಾರ್ದು ಅಂತ..."

ನನ್ನ ನಗು ಎಲ್ಲಿ ಹೋಯಿತೋ ತಿಳಿಯದು. ನೀವು ಬರೆದದ್ದು ಅರ್ಧ ಸರಿ. ಮಕ್ಕಳು ಹೆದರಿದ್ದರು. ಆದರೆ ಅವರು ಹೆದರಿದ್ದು ನಿಮಗೆ.

ಮೇಲ್ವಿಚಾರಕಿ


ಮಾರ್ಚ್ 27

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪತ್ರಿಕೆಯ ಚೂರು ಅಗಿದ ಭಾಗವನ್ನು ನನ್ನ ಸಹೋದ್ಯೋಗಿಗೂ ಓದಿ ಹೇಳಿದೆ.

ಆದರೆ ಚೆನ್ನಾಗಿ ಕಾಗದ ಬರೆಯಬಲ್ಲ ಮೇಲ್ವಿಚಾರಕಿಯರನ್ನು ನಾನು ಹಿಂದೆಯೂ ಕಂಡಿದ್ದೇನೆ. ಅಂಥ ಒಬ್ಬರ ಕಾಗದ ನಂಬಿ ಒಮ್ಮೆ ಮೋಸಹೋಗಿದ್ದೇನೆ, ಅದರ ಫಲ ಉಂಡದ್ದು ಮಕ್ಕಳು. ನೀವು ಹೇಳಿದ್ದು ನಿಜವೆಂದು ನನಗೆ ಅನ್ನಿಸುತ್ತದೆ. ಅನ್ನಿಸಿದ್ದನ್ನು ಸಮಿತಿಯ ಮುಂದೆ ಇಡಲು ಬರುವುದಿಲ್ಲ. ಕರಡು ವರದಿ ಸದ್ಯಕ್ಕೆ ಇದ್ದ ಹಾಗೆಯೇ ಇದೆ.

ಆ ಹುಡುಗಿ ಇದ್ದ ಹಿಂದಿನ ಮನೆಯ ವಿಷಯ ವಿಚಾರಿಸಿದೆ. ಅದನ್ನು ಮುಚ್ಚಿದ್ದು ಚಾವಣಿ ಶಿಥಿಲವಾಗಿ ಬೀಳುವ ಹಾಗಿತ್ತೆಂದು. ಹುಡುಗರ ಜಗಳಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮಕ್ಕಳಿಗೆ ಅದನ್ನು ಯಾರೂ ಹೇಳಲಿಲ್ಲವೆಂದು ಕಾಣುತ್ತದೆ. ನೀವು ಅವಳಿಗೆ ಹೇಳಿ.

ಒಂದು ಕೋರಿಕೆ. ಇನ್ನು ಮುಂದೆ ಮಕ್ಕಳಿಗೆ ಯಾವುದನ್ನೂ ಹೇಳಿಕೊಡಬೇಡಿ. ಗಲಾಟೆ ಮಾಡಿ ಎಂದು ಕೂಡ ಹೇಳಿಕೊಡಬೇಡಿ. ಈ ದಿನಗಳಲ್ಲಿ ಕಚೇರಿಯ ಕೆಲಸ ಬಹಳ, ನನ್ನಿಂದ ಬೇಗ ಉತ್ತರ ನಿರೀಕ್ಷಿಸಬೇಡಿ.

ಇಂತಿ,
ತಪಾಸಣಾ ಅಧಿಕಾರಿ


ಏಪ್ರಿಲ್ 4, ಶನಿವಾರ

ಅಧಿಕಾರಿಯವರಿಗೆ,

ಕೆಲಸ ಬಹಳ ಎಂದಿರಿ. ಅರ್ಥವಾಯಿತು. ಬರುವುದಿಲ್ಲ, ನೋಡುವುದಿಲ್ಲ, ಕರಡು ಇದ್ದ ಹಾಗೆಯೇ ಇರುತ್ತದೆ. ಇದನ್ನು ಇಷ್ಟು ಮರ್ಯಾದೆಯಾಗಿ ಹೇಳುವುದನ್ನು ಎಲ್ಲಿ ಕಲಿತಿರೋ.

ಚಾವಣಿಯ ವಿಷಯ ಮೊಲಕ್ಕೆ ಹೇಳಿದೆ. ತಲೆ ಎತ್ತಿ ನಮ್ಮ ಚಾವಣಿ ನೋಡಿ, "ಇದು ಗಟ್ಟಿ ಇದೆಯಾ?" ಎಂದಳು. ಗಟ್ಟಿ ಇದೆ ಎಂದೆ. ಆದರೂ ಅವಳು ನಂಬಿದ ಹಾಗೆ ಕಾಣಲಿಲ್ಲ. ಜಗಳದಿಂದಲೇ ಮನೆ ಹೋಯಿತೆಂದು ಅವಳ ತಲೆಯಲ್ಲಿ ಕೂತುಬಿಟ್ಟಿದೆ. ಯಾರಾದರೂ ಸ್ವಲ್ಪ ದನಿ ಏರಿಸಿದರೆ ಕಿಟಕಿ ಮುಚ್ಚಲು ಓಡುತ್ತಾಳೆ.

ಇವತ್ತು ಬಟ್ಟೆ ಒಗೆಯುವ ದಿನ. ನಲ್ಲಿ ಕೈಕೊಟ್ಟಿದೆ. ಕೆಳಗೆ ಇಬ್ಬರು ಒಂದು ಬಕೆಟ್ಟಿಗಾಗಿ ಕಿತ್ತಾಡುತ್ತಿದ್ದಾರೆ, ವಕೀಲೆ ನ್ಯಾಯ ಹೇಳಲು ಹೋಗಿ ಮೂರನೆಯ ಜಗಳ ಹುಟ್ಟುಹಾಕಿದ್ದಾಳೆ, ಗುಂಡ ಸೋಪಿನ ನೀರಿನಲ್ಲಿ ಜಾರುವ ಆಟ ಕಂಡುಹಿಡಿದಿದ್ದಾನೆ. ಇದನ್ನೆಲ್ಲ ನೋಡಲು ಎರಡು ಕಣ್ಣು ಸಾಲವು. ನೀವು ನೋಡಿದರೆ ತಾನೇ? ನಿಮ್ಮಂಥ ಕಲ್ಲೆದೆಯವರಿಗೆ

ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಗ್ಯಾಸ್ ಸಿಲಿಂಡರಿನವನಿರಬೇಕು, ಎರಡು ದಿನದಿಂದ ಸತಾಯಿಸುತ್ತಿದ್ದಾನೆ. ಅವನನ್ನು ವಿಚಾರಿಸಿಕೊಂಡು ಬಂದು


ಏಪ್ರಿಲ್ 8

ದೊಡ್ಡಮ್ಮನವರಿಗೆ,

ನಿಮ್ಮ ಅರ್ಧ ಕಾಗದ ಇಂದು ತಲುಪಿತು. ಮುಗಿಯದ್ದನ್ನು ಅಂಚೆಗೆ ಹಾಕಿದವರು ಅಡುಗೆಯವರೇ ಇರಬೇಕು. ನನ್ನಂಥ ಕಲ್ಲೆದೆಯವರಿಗೆ ಏನಾಗಬೇಕೆಂದು ಬರೆಯಹೊರಟಿದ್ದಿರಿ? ತಿಳಿಯುವ ಕುತೂಹಲವಿದೆ.

ಶನಿವಾರ ನಾನು ಸಿಲಿಂಡರಿನವಳಲ್ಲ ಎಂದು ಹೇಳುವಷ್ಟರಲ್ಲಿ ನೀವು ಬೈದು ಮುಗಿಸಿದ್ದಿರಿ. ಬಾಗಿಲು ತೆರೆಯುವ ಮುಂಚೆಯೇ ಶುರು ಮಾಡಿದ್ದಿರಲ್ಲ! ನನ್ನನ್ನು ಇಷ್ಟು ಮನಸಾರೆ ಬೈದವರು ನನ್ನ ಅಮ್ಮನ ನಂತರ ನೀವೇ. ಆಮೇಲೆ ನಿಮ್ಮ ಮುಖದ ಬಣ್ಣ ಇಳಿದದ್ದನ್ನು ನೆನೆದು ಬಸ್ಸಿನಲ್ಲಿ ಒಬ್ಬಳೇ ನಕ್ಕೆ, ಪಕ್ಕದವರು ಸರಿದು ಕೂತರು.

ಒಳಗೆ ಕಾಲಿಟ್ಟ ಕೂಡಲೇ ಯಾವುದೋ ಮಗು ನನ್ನ ಕೈಗೆ ಒದ್ದೆ ಹಾಸಿಗೆ ಬಟ್ಟೆಯ ತುದಿ ಕೊಟ್ಟು, "ಆಂಟಿ, ನೀವು ಆ ಕಡೆಯಿಂದ ಹಿಂಡಿ" ಎಂದಿತು. ಹಿಂಡಿದೆ. ಸೀರೆ ಒದ್ದೆಯಾಯಿತು. ನಾನು ಯಾರೆಂದು ಗೊತ್ತಾದ ಮೇಲೆ ಎಲ್ಲರೂ ಸ್ವಲ್ಪ ಹೊತ್ತು ಗಪ್‌ಚಿಪ್ ಆದರು. ಆದರೆ ಬಕೆಟ್ ಜಗಳ ಇನ್ನೂ ಮುಗಿದಿರಲಿಲ್ಲವಲ್ಲ, ಪುಣ್ಯಕ್ಕೆ ಅದು ಮತ್ತೆ ಹೊತ್ತಿಕೊಂಡಿತು. ರೇಡಿಯೊ ಸೈಕಲ್ ಅಂಗಡಿಯವನ ಮನೆಯ ಸಮಾಚಾರವನ್ನೆಲ್ಲ ನನಗೆ ಒಪ್ಪಿಸಿದ. ನಾನು ಹೋದ ಸಲ ಕಂಡ ಹುಡುಗ ಇವನೇ ಎಂದು ಅವನ ತಂಗಿ ಹೇಳಿದ ಮೇಲೆ ನಂಬಿದೆ.

ಇನ್ನು ದೂರುಗಳು. ದೊಡ್ಡಮ್ಮ ಗೊರಕೆ ಹೊಡೆಯುತ್ತಾರೆ. ಬೆಳಿಗ್ಗೆ ಅಪಸ್ವರದಲ್ಲಿ ಹಾಡಿ ಎಬ್ಬಿಸುತ್ತಾರೆ. ಉಗುರನ್ನು ಚರ್ಮದ ತನಕ ಕತ್ತರಿಸುತ್ತಾರೆ. ಹಾಲಿನ ಕೆನೆಯನ್ನು ಚಿಕ್ಕವರಿಗೇ ಕೊಡುತ್ತಾರೆ. ಲೂಡೋ ಆಟದಲ್ಲಿ ಮೋಸ ಮಾಡುತ್ತಾರೆ. ಇದಕ್ಕೆಲ್ಲ ನೀವು ನಿಂತಲ್ಲೇ ಉತ್ತರ ಕೊಟ್ಟಿರಿ, ವಕೀಲೆ ನಿಮ್ಮ ಉತ್ತರವನ್ನು ತಳ್ಳಿಹಾಕಿದಳು, ಗುಂಡ ನೆಲದ ಮೇಲೆ ಮಲಗಿ ನಿಮ್ಮ ಗೊರಕೆಯನ್ನು ಮಾಡಿ ತೋರಿಸಿದ. ಎಷ್ಟೋ ಮನೆಗಳಲ್ಲಿ ಮಕ್ಕಳು ಮೂಲೆಯಲ್ಲಿ ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ ದೂರು ಹೇಳಿದ್ದಾರೆ. ಮೇಲ್ವಿಚಾರಕಿಯ ಎದುರಿಗೇ, ಅವಳ ಹೆಗಲ ಮೇಲೆ ಕೈ ಹಾಕಿಕೊಂಡು ದೂರು ಹೇಳಿದ್ದನ್ನು ಇಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ. ಅಂದು ನನಗೆ ಎಷ್ಟು ಸಂತೋಷವಾಯಿತೆಂದು ಕಚೇರಿಯ ಭಾಷೆಯಲ್ಲಿ ಬರೆಯಲು ಬರುವುದಿಲ್ಲ.

ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನಾನು ಹೊರಟಾಗ ಮೊಲ ಗೇಟಿನ ತನಕ ಓಡಿ ಬಂದಳು. ದೂರು ಹೇಳದೆ ಉಳಿದವಳು ಅವಳೊಬ್ಬಳೇ. ಗೇಟು ಹಿಡಿದುಕೊಂಡು, "ಇವತ್ತಿಂದು ಲೆಕ್ಕಕ್ಕಿಲ್ಲ, ಅಲ್ವಾ? ನೀವು ಬರ್ತೀರಿ ಅಂತ ಅವ್ರಿಗೆ ಗೊತ್ತಿರ್ಲಿಲ್ಲ. ನಾಳೆ ಬನ್ನಿ. ನಾಳೆ ಎಲ್ರೂ ಸರಿಯಾಗಿರ್ತಾರೆ" ಎಂದಳು.

ಅವಳಿಗೆ ಧೈರ್ಯ ತುಂಬೋಣವೆಂದು, "ಇವತ್ತಿಂದೇ ಲೆಕ್ಕ ಪುಟ್ಟಿ" ಎಂದೆ. ಅವಳ ಮುಖ ಬಿಳುಚಿಕೊಂಡಿತು. ನನ್ನ ಮಾತನ್ನು ಅವಳು ಹೇಗೆ ತೆಗೆದುಕೊಂಡಳೆಂದು ಹೊಳೆಯುವ ಹೊತ್ತಿಗೆ ಒಳಗೆ ಓಡಿಹೋಗಿದ್ದಳು. ಮಕ್ಕಳ ಜೊತೆ ಮಾತಾಡುವುದೇ ನನ್ನ ಕೆಲಸ, ಅದನ್ನೇ ಕೆಡಿಸಿಕೊಂಡೆ.

ಸಮಿತಿ ಸೇರುವ ಮುಂಚೆ ನಾನು ಏನನ್ನೂ ಹೇಳುವಂತಿಲ್ಲ. ಆದರೆ ಈ ಕಾಗದ ಓದಿ ನಿಮಗೆ ಏನು ಅರ್ಥವಾಗುತ್ತದೋ ಅದನ್ನು ಅವಳಿಗೆ ಹೇಳಲು ಯಾರ ಅಡ್ಡಿಯೂ ಇಲ್ಲ. ದಯವಿಟ್ಟು ಬೇಗ ಹೇಳಿ.

ನಿಮ್ಮ,
ಕನ್ನಡಕದಮ್ಮ


ಏಪ್ರಿಲ್ 20

ಪ್ರೀತಿಯ ತಂಗಿ,

ಅಧಿಕಾರಿಯವರೇ ಎಂದು ಬರೆಯಲು ಹೋದರೆ ಕೈ ಓಡುತ್ತಿಲ್ಲ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ತಂಗಿ ಎಂದುಬಿಟ್ಟೆ. ಕಲ್ಲೆದೆ ಎಂದದ್ದನ್ನೂ ಇದನ್ನೂ ಒಟ್ಟಿಗೆ ಹೊಟ್ಟೆಗೆ ಹಾಕಿಕೊಳ್ಳಿ.

ಪರವಾನಗಿ ಬಂತು. ಮೂರು ವರ್ಷ! ಅಂಚೆಯವನ ಎದುರಿಗೇ ಲಕೋಟೆ ಹರಿದು ಓದಿ ಕಿರುಚಿದೆ. ಪಾಪ, ಯಾರೋ ತೀರಿಕೊಂಡರೇನೋ ಎಂದು ಅವನು ಟೋಪಿ ತೆಗೆದ. ಅಡುಗೆಯವಳು ಸೌಟು ಹಿಡಿದುಕೊಂಡೇ ಕುಣಿದಳು. ಗುಂಡ ಊಟದ ಬೆಂಚಿನ ಮೇಲೆ ಹಾರಿ ಅದರ ಒಂದು ಕಾಲು ಮುರಿದ. ರೇಡಿಯೊ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮನೆಮನೆಗೂ ಸುದ್ದಿ ಮುಟ್ಟಿಸಿ ಬಂದ, ಗೊತ್ತಿರುವವರಿಗೆ ಎರಡೆರಡು ಸಲ.

ಮೊಲದ ಬಗ್ಗೆ ನಿಮಗೆ ಮುಂಚೆಯೇ ಬರೆಯಬೇಕಿತ್ತು. ನೀವು ಸಂಕಟಪಡುತ್ತೀರೆಂದು ಬರೆಯಲಿಲ್ಲ. ನೀವು ಬಂದುಹೋದ ಮೇಲಿನ ಆ ಹನ್ನೊಂದು ದಿನ ಅವಳು ಎಲ್ಲರಿಗಿಂತ ಮೊದಲು ಎದ್ದು ಹದಿನೆಂಟು ಹಾಸಿಗೆ ಮಡಚುತ್ತಿದ್ದಳು. ಯಾರಾದರೂ ಜಗಳ ಶುರು ಮಾಡಿದರೆ ತನ್ನ ಪಾಲಿನ ಹಣ್ಣು ಕೊಟ್ಟು ಬಾಯಿ ಮುಚ್ಚಿಸುತ್ತಿದ್ದಳು. ನಿಮ್ಮ ಕಾಗದ ಓದಿ ಹೇಳಿದೆ, ತಲೆಯಾಡಿಸಿದಳು, ಮತ್ತೆ ಹೋಗಿ ಹಾಸಿಗೆ ಮಡಚಿದಳು. ಅಷ್ಟು ಒಳ್ಳೆಯ ಮಗುವನ್ನು ನೋಡಿ ನನ್ನ ಕರುಳು ಕಿತ್ತುಬರುತ್ತಿತ್ತು.

ಪರವಾನಗಿ ಬಂದ ದಿನ ಎಲ್ಲರೂ ಕುಣಿಯುವಾಗ ನನ್ನ ಪಕ್ಕದಲ್ಲಿ ನಿಂತು ಮೆಲ್ಲಗೆ ಕೇಳಿದಳು: "ಜಗಳ ಆಡಿದ್ರೂನಾ?"

"ಆಡಿದ್ರೂ."

"ಕಿರುಚಿದ್ರೂನಾ?"

"ಅವ್ರು ಕಿರುಚಾಟ ಕೇಳಿನೇ ಕೊಟ್ಟಿದ್ದು ಕಣೇ."

ಅಷ್ಟು ಕೇಳಿ ಹೊರಟುಹೋದಳು.

ನಿನ್ನೆ ಭಾನುವಾರ, ತಲೆಗೆ ಹೇನಿನ ಬಾಚಣಿಗೆ ಹಾಕುವ ದಿನ. ಮಿಕ್ಕವರೆಲ್ಲ ನನ್ನ ಕೈಗೆ ಸಿಗದೆ ಮನೆ ತುಂಬ ಓಡಿಸುತ್ತಾರೆ. ಮೊಲ ಮಾತ್ರ ಬಂದು ಕೂರುತ್ತಾಳೆ, ಎಷ್ಟೇ ಸಿಕ್ಕು ಎಳೆದರೂ ಹ್ಞಾಂ ಹ್ಞೂಂ ಎನ್ನುವುದಿಲ್ಲ. ನಿನ್ನೆಯೂ ಹಾಗೆಯೇ ಕೂತಳು. ಮೂರನೆಯ ಸಲ ಬಾಚಣಿಗೆ ಎಳೆದೆನೋ ಇಲ್ಲವೋ, ಧಿಗ್ಗನೆ ಎದ್ದಳು.

"ನೋವಾಗುತ್ತೆ! ಬಿಡು! ನಿಂಗೆ ಬಾಚೋಕೇ ಬರಲ್ಲ! ಕೆಟ್ಟ ದೊಡ್ಡಮ್ಮ!"

ಬಾಚಣಿಗೆ ಕಿತ್ತುಕೊಂಡು ಅಂಗಳಕ್ಕೆ ಎಸೆದಳು. ಒಳಗೆ ಓಡಿ ಬಾಗಿಲನ್ನು ಧಡಾರನೆ ಬಡಿದಳು. ಗೋಡೆಯ ಗಾರೆ ಉದುರಿತು. ಇಷ್ಟು ದಿನ ನನ್ನನ್ನು 'ನೀವು' ಎನ್ನುತ್ತಿದ್ದವಳು ಅವಳೊಬ್ಬಳೇ.

ಹದಿನೇಳು ಮಕ್ಕಳು ನನ್ನ ಮುಖ ನೋಡುತ್ತ ನಿಂತರು. ಅಡುಗೆಯವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಾನು ಮೆಟ್ಟಿಲ ಮೇಲೆ ಕೂತು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಅಡುಗೆಯವಳಿಗೆ ಕೂಡಲೇ ಅರ್ಥವಾಯಿತು. ಅವಳೂ ಪಕ್ಕದಲ್ಲಿ ಕೂತಳು. ಇಷ್ಟು ಖುಷಿ ನನಗೆ ಆ ಮೂರು ವರ್ಷದ ಕಾಗದ ಕೈಗೆ ಬಂದಾಗಲೂ ಆಗಿರಲಿಲ್ಲ ತಂಗಿ.

ಸ್ವಲ್ಪ ಹೊತ್ತಾದ ಮೇಲೆ ಮುಖ ತೊಳೆದುಕೊಂಡು ಹೋಗಿ ಬೈದೆ. ಬಾಚಣಿಗೆ ಎಸೆದದ್ದಕ್ಕೆ, ಬಾಗಿಲು ಬಡಿದದ್ದಕ್ಕೆ, ಬೇರೆ ಮಕ್ಕಳಿಗೆ ಬೈಯುವ ಹಾಗೆಯೇ, ಒಂದು ಮಾತೂ ಕಡಿಮೆ ಮಾಡದೆ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಎದುರುತ್ತರ ಕೊಟ್ಟಳು.

ನಿಮ್ಮ,
ದೊಡ್ಡಮ್ಮ